ಆಹಾರದಲ್ಲಿ ನಿಷೇಧಿತ ಕೃತಕ ಬಣ್ಣಗಳ ಪತ್ತೆ

2024ರ ಮಾರ್ಚ್ 11ರಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಒಂದು ಘೋಷಣೆ ಮಾಡಿದರು. ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿ ಎಂದು ಜನ ಕರೆಯುವ ಕಾಟನ್ ಕ್ಯಾಂಡಿಗೂ ಇನ್ನು ಮುಂದೆ ರಾಜ್ಯದಲ್ಲಿ ಕೃತಕ ಬಣ್ಣ ಹಾಕುವಂತಿಲ್ಲ ಎಂಬುದು ಅದರ ಸಾರ. ಅದಕ್ಕೆ ಮೊದಲು ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿಯ 171 ಮಾದರಿಗಳನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳಿಸಿದ್ದರು. 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳ ಪೈಕಿ 15 ಕೆಟ್ಟವೆಂದು ಬಂದವು. ಜೂನ್‌ನಲ್ಲಿ ಕಬಾಬಿನ ಸರದಿ. 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂಬ ವರದಿ ಬಂತು, ನಿಷೇಧ ಕಬಾಬಿಗೂ ವಿಸ್ತರಿಸಿತು.

ಆ ವರದಿಗಳಲ್ಲಿದ್ದ ಹೆಸರುಗಳನ್ನು ಬಿಡಿಬಿಡಿಯಾಗಿ ನೋಡಬೇಕು. ರೋಡಮೈನ್-ಬಿ ಎಂಬ ಗುಲಾಬಿ ಬಣ್ಣಕ್ಕೆ ಆಹಾರದಲ್ಲಿ ಎಲ್ಲೂ ಜಾಗವಿಲ್ಲ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಎಂಬ ಉಳಿದವುಗಳಿಗೆ ಬಿಸ್ಕತ್ತಿನಲ್ಲಿ, ಐಸ್‌ಕ್ರೀಮಿನಲ್ಲಿ ಕಾನೂನೇ ಜಾಗ ಕೊಟ್ಟಿದೆ. ಗೋಬಿಯಲ್ಲಿ, ಕಬಾಬಿನಲ್ಲಿ ಕೊಟ್ಟಿಲ್ಲ. ಬಣ್ಣದ ಕಲಬೆರಕೆ ಎಂಬ ಒಂದೇ ಮಾತಿನ ಕೆಳಗೆ ಹೀಗೆ ಬೇರೆ ಬೇರೆ ತಪ್ಪುಗಳು ಸೇರಿಕೊಂಡಿವೆ: ತಿನ್ನಲೇಬಾರದ ಬಣ್ಣ ಹಾಕುವುದು, ತಿನ್ನಬಹುದಾದ ಬಣ್ಣವನ್ನು ಸಲ್ಲದ ತಿನಿಸಿಗೆ ಹಾಕುವುದು, ಸಲ್ಲುವ ತಿನಿಸಿಗೇ ಮಿತಿಮೀರಿ ಸುರಿಯುವುದು. ಪರೀಕ್ಷಿಸುವವರು ‘ಬಣ್ಣ ಇದೆ’ ಎಂದರೆ ಸಾಲದು. ಯಾವ ಬಣ್ಣ, ಯಾವ ತಿನಿಸಿನಲ್ಲಿ, ಕಿಲೋಗೆ ಎಷ್ಟು ಮಿಲಿಗ್ರಾಂ ಎಂಬುದನ್ನು ನ್ಯಾಯಾಲಯದಲ್ಲಿ ನಿಲ್ಲುವ ಹಾಗೆ ಹೇಳಬೇಕು.

ಭಾರತದಲ್ಲಿ ಆಹಾರಕ್ಕೆ ಸಲ್ಲುವ ಕೃತಕ ಬಣ್ಣಗಳ ಸಾಂಪ್ರದಾಯಿಕ ಪಟ್ಟಿಯಲ್ಲಿರುವುದು ಎಂಟು. ಕೆಂಪಿಗೆ ಪೊನ್ಸೊ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್. ಹಳದಿಗೆ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ. ನೀಲಿಗೆ ಇಂಡಿಗೊ ಕಾರ್ಮೈನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಐಸ್‌ಕ್ರೀಮ್, ಬಿಸ್ಕತ್ತು, ಕೇಕು, ಸಿಹಿತಿಂಡಿ, ಕಸ್ಟರ್ಡ್ ಪುಡಿ, ಜೆಲ್ಲಿಯಂಥ ಕೆಲವೇ ಪದಾರ್ಥಗಳಲ್ಲಿ ಇವನ್ನು ಬಳಸಬಹುದು. ಸಾಮಾನ್ಯ ಮಿತಿ ಕಿಲೋಗೆ 100 ಮಿಲಿಗ್ರಾಂ. ಒಂದು ಕಿಲೋ ಲಾಡುವಿಗೆ ನೂರು ಮಿಲಿಗ್ರಾಂ ಎಂದರೆ ಒಂದು ಚಿಟಿಕೆಗಿಂತಲೂ ಕಡಿಮೆ. ಕೈಯಳತೆಯಲ್ಲೇ ಬಣ್ಣ ಹಾಕುವ ಅಡುಗೆಮನೆಯಲ್ಲಿ ಈ ಮಿತಿ ಉಳಿಯುವುದು ಕಷ್ಟ. ಅರಿಶಿನದ ಪುಡಿ, ಮೆಣಸಿನ ಪುಡಿ, ಬೇಳೆ, ಚಹಾ ಪುಡಿಗಳಿಗೆ ಮಾತ್ರ ಒಂದು ಕಣ ಕೃತಕ ಬಣ್ಣವೂ ಸಲ್ಲದು.

ಈ ಪಟ್ಟಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮರಾಂತ್ ಎಂಬ ಕೆಂಪು ಬಣ್ಣವನ್ನು ಅಮೆರಿಕ 1976ರಲ್ಲಿ ಕೈಬಿಟ್ಟಿತು, ಕೆನಡಾ ಬಿಡಲಿಲ್ಲ. ಎರಿಥ್ರೋಸಿನ್‌ಗೆ ಆಹಾರದಲ್ಲಿದ್ದ ಅನುಮತಿಯನ್ನು ಅಮೆರಿಕ ಹಿಂತೆಗೆದುಕೊಂಡದ್ದು 2025ರ ಜನವರಿಯಲ್ಲಿ. ರಫ್ತು ಮಾಡುವವರಿಗೆ ಇದು ದೊಡ್ಡ ತಲೆನೋವು: ಒಂದು ಬಂದರಿನಲ್ಲಿ ಒಪ್ಪಿತವಾದ ಡಬ್ಬಿ ಇನ್ನೊಂದು ಬಂದರಿನಲ್ಲಿ ತಿರಸ್ಕೃತವಾಗಬಹುದು.

ಕಲಬೆರಕೆಯ ಚರಿತ್ರೆ ಕೃತಕ ಬಣ್ಣಗಳಿಗಿಂತ ಹಳೆಯದು. ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಅಕುಮ್ 1820ರಲ್ಲಿ ಆಹಾರದ ಕಲಬೆರಕೆಯನ್ನೇ ವಿಷಯವಾಗಿಟ್ಟು ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿ ಗ್ಲಾಸ್ಟರ್ ಚೀಸಿನ ಪ್ರಸಂಗವೊಂದು ಬರುತ್ತದೆ. ಚೀಸಿಗೆ ಕೆಂಬಣ್ಣ ಬರಲೆಂದು ರೈತರು ಅನಾಟೊ ಬೀಜದ ಬಣ್ಣ ಹಾಕುತ್ತಿದ್ದರು. ಅನಾಟೊ ಮಾರುವವನು ತನ್ನ ಸರಕು ಮಂಕಾಗಿದೆಯೆಂದು ಅದಕ್ಕೆ ಇಂಗಳೀಕ ಬೆರೆಸಿದ. ಇಂಗಳೀಕ ಮಾರಿದವನು ಇದು ಮನೆಗೆ ಬಳಿಯುವ ಬಣ್ಣಕ್ಕೆ ಹೋಗುತ್ತದೆಂದು ನಂಬಿ ಅದಕ್ಕೆ ಅಗ್ಗದ ಕೆಂಪು ಸೀಸ ಸೇರಿಸಿದ್ದ. ಮೂವರಲ್ಲಿ ಯಾರಿಗೂ ಪೂರ್ತಿ ಚಿತ್ರ ಗೊತ್ತಿರಲಿಲ್ಲ. ವಿಷ ಮಾತ್ರ ಊಟದ ತಟ್ಟೆಗೆ ಬಂದು ಸೇರಿತ್ತು. ಇನ್ನೂರು ವರ್ಷ ಕಳೆದರೂ ಬಣ್ಣದ ಕಲಬೆರಕೆ ಬಹುಪಾಲು ನಡೆಯುವುದು ಇದೇ ರೀತಿಯಲ್ಲಿ. ಗಾಡಿಯಲ್ಲಿ ಗೋಬಿ ಕರಿಯುವವನಿಗೆ ತಾನು ಕೊಂಡ ಕಲರ್ ಪೊಟ್ಟಣದೊಳಗೆ ಏನಿದೆ ಎಂಬುದು ಹಲವು ಸಲ ನಿಜವಾಗಿಯೂ ಗೊತ್ತಿರುವುದಿಲ್ಲ.

1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೊರಟು ನೇರಳೆ ಬಣ್ಣವೊಂದನ್ನು ಪಡೆದ. ಕಲ್ಲಿದ್ದಲ ಡಾಂಬರಿನಿಂದ ಬಣ್ಣ ತೆಗೆಯುವ ಉದ್ಯಮ ಅಲ್ಲಿಂದ ಬೆಳೆಯಿತು. ಬಟ್ಟೆಗೆಂದು ಹುಟ್ಟಿದ ಆ ಬಣ್ಣಗಳು ಕೆಲವೇ ದಶಕಗಳಲ್ಲಿ ಬೆಣ್ಣೆಗೂ ಮಿಠಾಯಿಗೂ ನುಗ್ಗಿದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಸುಮಾರು ಎಂಬತ್ತು ಬಗೆಯ ಡಾಂಬರು ಬಣ್ಣಗಳು ಆಹಾರದಲ್ಲಿ ಬಳಕೆಯಲ್ಲಿದ್ದವು. 1906ರ ಕಾಯ್ದೆಯ ನಂತರ ಅಲ್ಲಿನ ಸರ್ಕಾರ ಅವನ್ನು ಜಾಲಾಡಿಸಿ ಏಳನ್ನಷ್ಟೇ ಒಪ್ಪಿತು. ಬೆಣ್ಣೆಗೆ ಹಳದಿ ಕೊಡುತ್ತಿದ್ದುದರಿಂದ ‘ಬಟರ್ ಯೆಲ್ಲೊ’ ಎಂದೇ ಹೆಸರಾದ ಬಣ್ಣ ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆಂದು 1930ರ ದಶಕದಲ್ಲಿ ಜಪಾನಿನ ರಿಯೋಜುನ್ ಕಿನೋಸಿಟಾ ತೋರಿಸಿದರು. ತಿನ್ನುವ ಬಣ್ಣವನ್ನು ವಿಷವಿಜ್ಞಾನದ ಕಣ್ಣಿನಿಂದ ನೋಡುವ ಪರಿಪಾಠಕ್ಕೆ ಅದರಿಂದ ಬಲ ಬಂತು.

ಹಾನಿಯ ದಾರಿ ಎಲ್ಲ ಬಣ್ಣಕ್ಕೂ ಒಂದೇ ಅಲ್ಲ. ಈ ಬಣ್ಣಗಳಲ್ಲಿ ದೊಡ್ಡ ಪಾಲು ಅಜೊ ವರ್ಗಕ್ಕೆ ಸೇರಿದವು. ಎರಡು ಸಾರಜನಕ ಪರಮಾಣುಗಳ ಜೋಡಿಕೊಂಡಿ ಅವುಗಳ ಗುರುತು. ಕರುಳಿನ ಬ್ಯಾಕ್ಟೀರಿಯಾ ಮತ್ತು ಯಕೃತ್ತಿನ ಕಿಣ್ವಗಳು ಆ ಕೊಂಡಿಯನ್ನು ಮುರಿಯಬಲ್ಲವು. ಮುರಿದ ತುಂಡುಗಳು ಕೆಲವು ಬಣ್ಣಗಳಲ್ಲಿ ನಿರುಪದ್ರವಿ, ಕೆಲವುಗಳಲ್ಲಿ ಕೋಶಕ್ಕೆ ಕಂಟಕವಾಗುವ ಅಮೀನುಗಳು. ನಮ್ಮ ದೇಶದಲ್ಲಿ ಹಳದಿ ತಿನಿಸಿನ ಕಲಬೆರಕೆಗೆ ಬಹಳ ಕುಖ್ಯಾತವಾದ ಮೆಟಾನಿಲ್ ಯೆಲ್ಲೊವನ್ನು ದೀರ್ಘಕಾಲ ತಿಂದ ಇಲಿಗಳ ಮಿದುಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಟಿ. ಎನ್. ನಾಗರಾಜ ಮತ್ತು ಟಿ. ದೇಶಿರಾಜು ಪರೀಕ್ಷಿಸಿ 1993ರಲ್ಲಿ ವರದಿ ಮಾಡಿದರು. ಡೋಪಮಿನ್, ಸೆರೊಟೋನಿನ್‌ನಂಥ ನರವಾಹಕಗಳ ಮಟ್ಟ ಏರುಪೇರಾಗಿತ್ತು, ಕಲಿಕೆಯ ಮೇಲೂ ಪರಿಣಾಮವಾಗಿತ್ತು. ಲಾಡು, ಜಿಲೇಬಿಗಳನ್ನು ಹೆಚ್ಚು ಆಸೆಪಡುವವರು ಮಕ್ಕಳು ಎಂಬುದನ್ನು ನೆನೆದರೆ ಈ ವರದಿಯನ್ನು ಹಗುರವಾಗಿ ನೋಡಲಾಗದು.

ಪತ್ತೆಯ ವಿಧಾನವನ್ನು ತೀರ್ಮಾನಿಸುವುದು ಬಣ್ಣದ ಸ್ವಭಾವ. ಕೃತಕ ಬಣ್ಣ ಎಂದು ಸಾಮಾನ್ಯವಾಗಿ ಕರೆಯುವುದರಲ್ಲಿ ನಾಲ್ಕು ಕುಲಗಳಿವೆ. ಮೆಟಾನಿಲ್ ಯೆಲ್ಲೊ, ಆರೆಂಜ್-2, ಮತ್ತು ಅನುಮತಿ ಇರುವ ಬಣ್ಣಗಳು ಆಮ್ಲೀಯ ಕುಲದವು. ನೀರಿನಲ್ಲಿ ಕರಗುತ್ತವೆ, ಋಣ ವಿದ್ಯುದಂಶ ಹೊತ್ತಿರುತ್ತವೆ. ರೋಡಮೈನ್-ಬಿ, ಆರಮಿನ್, ಮಲಕೈಟ್ ಗ್ರೀನ್ ಕ್ಷಾರೀಯ ಕುಲ. ಇವೂ ನೀರಿನಲ್ಲಿ ಕರಗುತ್ತವೆ, ವಿದ್ಯುದಂಶ ಮಾತ್ರ ತಿರುಗುಮುರುಗು. ಸುಡಾನ್ ಬಣ್ಣಗಳು ಮತ್ತು ಬಟರ್ ಯೆಲ್ಲೊ ನೀರಿಗೆ ಬಗ್ಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಮೇಣ, ಬೂಟ್ ಪಾಲಿಶ್, ಇಂಧನಗಳಿಗೆ ಬಣ್ಣ ಕೊಡಲೆಂದು ತಯಾರಾದವು. ಸೀಸದ ಕ್ರೋಮೇಟ್ ಈ ಯಾವ ಸಾಲಿಗೂ ಸೇರದು. ಅದು ನೀರಿನಲ್ಲೂ ಎಣ್ಣೆಯಲ್ಲೂ ಕರಗದ ಖನಿಜದಂಥ ಪುಡಿ. ಒಂದು ಕುಲವನ್ನು ಹಿಡಿಯುವ ಪರೀಕ್ಷೆಗೆ ಇನ್ನೊಂದು ಕುಲ ಸಿಗುವುದಿಲ್ಲ. ಮನೆಮದ್ದಿನ ರೀತಿಯಲ್ಲಿ ಹರಿದಾಡುವ ಪರೀಕ್ಷೆಗಳನ್ನು ಮಾಡುವ ಮುನ್ನ ಗಮನದಲ್ಲಿಡಬೇಕಾದ ಮುಖ್ಯ ಸಂಗತಿ ಇದು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಗಳ ಕೈಪಿಡಿಯೊಂದನ್ನು ಹೊರತಂದಿದೆ. ಗಾಜಿನ ಲೋಟದ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿದಾಗ ಕೆಂಪು ಗೆರೆಗಳು ಎಳೆಎಳೆಯಾಗಿ ಕೆಳಗಿಳಿದರೆ ನೀರಿನಲ್ಲಿ ಕರಗುವ ಬಣ್ಣದ ಅನುಮಾನ. ಅರಿಶಿನದ ಪುಡಿ ತಳಕ್ಕೆ ಕೂತ ಮೇಲೆ ನೀರು ತಿಳಿ ಹಳದಿಯಾಗಿದ್ದರೆ ಸರಿ, ದಟ್ಟ ಹಳದಿಯಾದರೆ ಅನುಮಾನ. ಹಸಿರು ಬಟಾಣಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿದಾಗ ನೀರು ಹಸಿರಾಗಬಾರದು. ಗೆಣಸಿನ ಕೆಂಪು ಸಿಪ್ಪೆಯನ್ನು ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಹತ್ತಿ ಕೆಂಪಾದರೆ ರೋಡಮೈನ್-ಬಿ ಇರಬಹುದು. ಇವೆಲ್ಲ ಉಪಯುಕ್ತ, ಖರ್ಚಿಲ್ಲದವು. ಆದರೆ ಮೆಣಸಿನ ಪುಡಿಯಲ್ಲಿರುವುದು ಸುಡಾನ್ ಬಣ್ಣವಾದರೆ ಲೋಟದ ನೀರಿನಲ್ಲಿ ಒಂದು ಎಳೆಯೂ ಇಳಿಯುವುದಿಲ್ಲ. ನೀರು ತಿಳಿಯಾಗಿದೆಯೆಂದು ಪುಡಿಯನ್ನು ಶುದ್ಧವೆನ್ನಲು ಬರುವುದಿಲ್ಲ.

ಅರಿಶಿನದ ಆಮ್ಲ ಪರೀಕ್ಷೆಯನ್ನು ತುಸು ಹತ್ತಿರದಿಂದ ನೋಡಬೇಕು. ಅಂತರ್ಜಾಲದಲ್ಲಿ ಅತಿ ಹೆಚ್ಚು ತಪ್ಪಾಗಿ ಹೇಳಲ್ಪಡುವ ಪರೀಕ್ಷೆ ಅದೇ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವವರಿಗೆ ಅರಿಶಿನ ಕೆಂಪಾಗುವುದು ಹೊಸದಲ್ಲ. ಅರಿಶಿನದ ಸಹಜ ಬಣ್ಣವಾದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಹಾಗಾಗಿ ಸುಣ್ಣದಲ್ಲಿ ಕೆಂಪಾದರೆ ಅರಿಶಿನ ಇದೆ ಎಂದಷ್ಟೇ ಅರ್ಥ, ಅದರ ಜೊತೆ ಬೇರೇನಿಲ್ಲ ಎಂದಲ್ಲ. ಮೆಟಾನಿಲ್ ಯೆಲ್ಲೊ ನಡೆಯುವುದು ಇದರ ವಿರುದ್ಧ ದಿಕ್ಕಿನಲ್ಲಿ. ಪ್ರಬಲ ಆಮ್ಲದಲ್ಲಿ ಅದು ನೇರಳೆ ಮಿಶ್ರಿತ ಕೆಂಪಿಗೆ ತಿರುಗುತ್ತದೆ. ತೊಡಕಿರುವುದು ಇಲ್ಲೇ: ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಶುದ್ಧ ಅರಿಶಿನವೂ ಕೆಂಪಾಗುತ್ತದೆ. ವ್ಯತ್ಯಾಸ ಗೊತ್ತಾಗುವುದು ಮುಂದಿನ ಹೆಜ್ಜೆಯಲ್ಲಿ. ನೀರು ಸೇರಿಸಿ ತೆಳುವಾಗಿಸಿದಾಗ ಅರಿಶಿನದ ಕೆಂಪು ಮಾಯವಾಗುತ್ತದೆ, ಮೆಟಾನಿಲ್ ಯೆಲ್ಲೊದ ಕೆಂಪು ಉಳಿಯುತ್ತದೆ. ಈ ಹೆಜ್ಜೆಯನ್ನು ಬಿಟ್ಟು ವಿಡಿಯೊ ಮಾಡಿದವರಿಂದ ಎಷ್ಟೋ ಪ್ರಾಮಾಣಿಕ ಅಂಗಡಿಗಳ ಹೆಸರು ಕೆಟ್ಟಿದೆ. ಗಾಢ ಆಮ್ಲ ಚರ್ಮ ಸುಡುತ್ತದೆ, ಅದರ ಹೊಗೆ ಗಂಟಲು ಕೆರೆಯುತ್ತದೆ. ಇದನ್ನು ಅಡುಗೆಮನೆಯಲ್ಲಿ ಮಾಡದೆ ಶಾಲೆ, ಕಾಲೇಜುಗಳ ಪ್ರಯೋಗಶಾಲೆಗೆ ಬಿಡುವುದು ವಾಸಿ.

ಪ್ರಯೋಗಾಲಯದೊಳಗೆ ಇಂದಿಗೂ ಚಾಲ್ತಿಯಲ್ಲಿರುವ ಹಳೆಯ, ನಂಬಿಕಸ್ಥ ವಿಧಾನ ಉಣ್ಣೆಯ ಎಳೆಯದು. ಹಿಟ್ಟು ಹಚ್ಚಿ ಕರಿದ ಗೋಬಿಯಂಥ ತಿನಿಸಿನಿಂದ ಮೊದಲು ಪೆಟ್ರೋಲಿಯಂ ಈಥರ್ ಬಳಸಿ ಜಿಡ್ಡು ತೆಗೆಯುತ್ತಾರೆ. ಉಳಿದದ್ದನ್ನು ಅಮೋನಿಯ ಬೆರೆತ ಆಲ್ಕೋಹಾಲಿನಲ್ಲಿ ಅರೆದು ಕೆಲವು ಗಂಟೆ ಬಿಡುತ್ತಾರೆ; ಪಿಷ್ಟದೊಳಗೆ ಸಿಕ್ಕಿಕೊಂಡ ಬಣ್ಣ ದ್ರವಕ್ಕೆ ಇಳಿಯುತ್ತದೆ. ಆ ದ್ರವವನ್ನು ಬತ್ತಿಸಿ, ಆಮ್ಲೀಯಗೊಳಿಸಿ, ಅದರಲ್ಲಿ ಬಿಳಿ ಉಣ್ಣೆಯ ಗೇಣುದ್ದದ ಎಳೆಯನ್ನು ಹಾಕಿ ಕುದಿಸುತ್ತಾರೆ. ಈ ಎಳೆಯನ್ನು ಮೊದಲೇ ಅತಿ ತೆಳು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ತೊಳೆದು ಜಿಡ್ಡು ಬಿಡಿಸಿರಬೇಕು. ಆಮ್ಲದಲ್ಲಿ ಉಣ್ಣೆಯ ಪ್ರೋಟೀನು ಧನ ವಿದ್ಯುದಂಶ ಪಡೆಯುತ್ತದೆ, ಋಣ ಅಂಶದ ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಳೆಯನ್ನು ನಲ್ಲಿಯ ನೀರಿನಲ್ಲಿ ತೊಳೆದರೂ ಬಣ್ಣ ಹೋಗುವುದಿಲ್ಲ.

ಇಲ್ಲಿಗೇ ನಿಂತರೆ ಮೋಸ ಹೋಗಬಹುದು. ಕೆಲವು ಸಹಜ ಬಣ್ಣಗಳೂ ಮೊದಲ ಸಲ ಉಣ್ಣೆಗೆ ಅಂಟುತ್ತವೆ. ಅದಕ್ಕೇ ಎಳೆಯನ್ನು ತೆಳು ಅಮೋನಿಯದಲ್ಲಿ ಬಿಸಿ ಮಾಡುತ್ತಾರೆ. ಕೃತಕ ಆಮ್ಲೀಯ ಬಣ್ಣ ಆಗ ಉಣ್ಣೆಯನ್ನು ಬಿಟ್ಟು ದ್ರವಕ್ಕೆ ಬರುತ್ತದೆ, ಸಹಜ ಬಣ್ಣ ಸಾಮಾನ್ಯವಾಗಿ ಬರುವುದಿಲ್ಲ. ದ್ರವವನ್ನು ಮತ್ತೆ ಆಮ್ಲೀಯಗೊಳಿಸಿ ಹೊಸ ಎಳೆ ಹಾಕಿದರೆ ಬಣ್ಣ ಎರಡನೇ ಸಲ ಏರುತ್ತದೆ. ಎರಡು ಸಲ ಏರಿ ಎರಡು ಸಲ ಇಳಿದ ಬಣ್ಣ ತಕ್ಕಮಟ್ಟಿಗೆ ಶುದ್ಧ, ಮುಂದಿನ ಪರೀಕ್ಷೆಗೆ ಸಿದ್ಧ. ಕ್ಷಾರೀಯ ಕುಲದ ರೋಡಮೈನ್-ಬಿಗೆ ಇದೇ ಕ್ರಮವನ್ನು ತಿರುಗಿಸಬೇಕು: ಅಮೋನಿಯದಲ್ಲಿ ಉಣ್ಣೆಗೆ ಏರಿಸಿ, ಅಸಿಟಿಕ್ ಆಮ್ಲದಲ್ಲಿ ಇಳಿಸುವುದು. ಬೆಲೆಬಾಳುವ ಯಂತ್ರವಿಲ್ಲದ ಜಿಲ್ಲಾ ಪ್ರಯೋಗಾಲಯವೂ ಮಾಡಬಲ್ಲ ಕೆಲಸ ಇದು. ಎಷ್ಟು ಹೊಸ ಉಪಕರಣ ಬಂದರೂ ಇದರ ಗೌರವ ಕುಂದಿಲ್ಲ, ಕುಂದಬಾರದು ಕೂಡ.

ಇಳಿಸಿಕೊಂಡ ಬಣ್ಣ ಯಾವುದೆಂದು ಹೇಳುವುದು ವರ್ಣರೇಖನ, ಅಂದರೆ ಕ್ರೊಮ್ಯಾಟೋಗ್ರಫಿ. ವಿಶೇಷ ಕಾಗದದ ಹಾಳೆಯ ಬುಡದಲ್ಲಿ ಬಣ್ಣದ ಚುಕ್ಕೆ ಇಟ್ಟು, ಅದರ ಪಕ್ಕದಲ್ಲಿ ಗೊತ್ತಿರುವ ಬಣ್ಣಗಳ ಚುಕ್ಕೆಗಳನ್ನೂ ಇಟ್ಟು, ಹಾಳೆಯ ಅಂಚನ್ನು ದ್ರಾವಕದಲ್ಲಿ ನಿಲ್ಲಿಸುತ್ತಾರೆ. ದ್ರಾವಕ ಮೇಲೇರುತ್ತ ಪ್ರತಿ ಬಣ್ಣವನ್ನೂ ಅದರದರ ಮಟ್ಟಕ್ಕೆ ಒಯ್ಯುತ್ತದೆ. ಕಣ್ಣಿಗೆ ಒಂದೇ ಹಸಿರಾಗಿ ಕಾಣುವ ಮಿಠಾಯಿಯ ಚುಕ್ಕೆ ಹಾಳೆಯ ಮೇಲೆ ಟಾರ್ಟ್ರಜೀನಿನ ಹಳದಿ ಮತ್ತು ಬ್ರಿಲಿಯಂಟ್ ಬ್ಲೂವಿನ ನೀಲಿಯಾಗಿ ಒಡೆಯುವುದನ್ನು ನೋಡುವುದೇ ಒಂದು ಸೊಗಸು. ಆಮೇಲೆ ಚುಕ್ಕೆಯನ್ನು ಕತ್ತರಿಸಿ, ಕರಗಿಸಿ, ಯಾವ ತರಂಗಾಂತರದ ಬೆಳಕನ್ನು ಅತಿ ಹೆಚ್ಚು ಹೀರುತ್ತದೆಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯುತ್ತಾರೆ. ಟಾರ್ಟ್ರಜೀನ್ ಸುಮಾರು 427 ನ್ಯಾನೊಮೀಟರ್, ಸನ್‌ಸೆಟ್ ಯೆಲ್ಲೊ 482, ಕಾರ್ಮೋಸಿನ್ 516, ಬ್ರಿಲಿಯಂಟ್ ಬ್ಲೂ 630. ಹೀರಿಕೆ ಎಷ್ಟಿದೆ ಎಂಬುದರಿಂದ ಪ್ರಮಾಣವೂ ಗೊತ್ತಾಗುತ್ತದೆ.

ರೋಡಮೈನ್-ಬಿಗೆ ಇನ್ನೊಂದು ಗುರುತಿದೆ. ಅದು ಹಸಿರು ಬೆಳಕನ್ನು ಹೀರಿ ಕಿತ್ತಳೆ ಬೆಳಕನ್ನು ಹೊರಚೆಲ್ಲುತ್ತದೆ. ನದಿಯ ನೀರು ಯಾವ ಕಡೆ ಹರಿಯುತ್ತದೆಂದು ತಿಳಿಯಲು ಅದನ್ನು ಬಳಸುವುದಕ್ಕೂ ಈ ಹೊಳಪೇ ಕಾರಣ. ಅತಿ ಅಲ್ಪ ಪ್ರಮಾಣವೂ ಉಪಕರಣದ ಕಣ್ಣಿಗೆ ಬೀಳುತ್ತದೆ. ಬಾಂಬೆ ಮಿಠಾಯಿಯ ಚೂರನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಅತಿನೇರಳೆ ಟಾರ್ಚ್ ಹಿಡಿದಾಗ ದ್ರಾವಣ ಕಿತ್ತಳೆಯಾಗಿ ಹೊಳೆದರೆ ಪ್ರಯೋಗಾಲಯಕ್ಕೆ ಕಳಿಸಲು ಅಷ್ಟು ಕಾರಣ ಸಾಕು. 2024ರ ಫೆಬ್ರವರಿಯಲ್ಲಿ ಪುದುಚೇರಿ ಮತ್ತು ತಮಿಳುನಾಡು ಬಾಂಬೆ ಮಿಠಾಯಿಯ ಮೇಲೆ ಕ್ರಮ ಕೈಗೊಂಡದ್ದು ಇದೇ ಬಣ್ಣ ಸಿಕ್ಕಿತೆಂದು. ಕರ್ನಾಟಕದ ಕ್ರಮ ಬಂದದ್ದು ಅದರ ಬೆನ್ನಿಗೆ. ಬಣ್ಣವಿಲ್ಲದ ಬಿಳಿ ಮಿಠಾಯಿಯನ್ನು ಮಾರಲು ನಮ್ಮಲ್ಲಿ ಅಡ್ಡಿಯಿಲ್ಲ.

ಎಣ್ಣೆಯಲ್ಲಿ ಕರಗುವ ಸುಡಾನ್ ಬಣ್ಣಗಳ ಪ್ರಕರಣ ಈ ಕ್ಷೇತ್ರದ ದೊಡ್ಡ ತಿರುವು. 2003ರ ಮೇ ತಿಂಗಳಲ್ಲಿ ಫ್ರಾನ್ಸ್, ಭಾರತದಿಂದ ಬಂದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್-1 ಇದೆಯೆಂದು ಐರೋಪ್ಯ ಒಕ್ಕೂಟಕ್ಕೆ ಎಚ್ಚರಿಕೆ ಕೊಟ್ಟಿತು. ಜೂನ್‌ನಲ್ಲೇ ತುರ್ತು ನಿಯಮ ಬಂತು; ಸುಡಾನ್-1 ಇಲ್ಲವೆಂದು ತೋರಿಸುವ ಪರೀಕ್ಷಾ ವರದಿ ಇಲ್ಲದೆ ಮೆಣಸಿನ ಪುಡಿ ಒಳಗೆ ಬರುವಂತಿರಲಿಲ್ಲ. ಆದರೆ ಅದಕ್ಕೆ ಮೊದಲೇ ಬ್ರಿಟನ್ ತಲುಪಿದ್ದ ಪುಡಿ ಒಂದು ವೂಸ್ಟರ್ ಸಾಸಿಗೆ ಸೇರಿತ್ತು, ಆ ಸಾಸು ನೂರಾರು ಸಿದ್ಧ ಆಹಾರಗಳಿಗೆ ಸೇರಿತ್ತು. ಇಟಲಿಗೆ ಹೋದ ಸಾಸನ್ನು ಅಲ್ಲಿ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಂಗಡಿಗಳ ಕಪಾಟಿನಿಂದ ನಾನೂರಕ್ಕೂ ಹೆಚ್ಚು ಬಗೆಯ ಉತ್ಪನ್ನಗಳನ್ನು ಹಿಂದಕ್ಕೆ ತರಿಸಬೇಕಾಯಿತು. ಮರುವರ್ಷ ಚೀನಾದಲ್ಲಿ ಕೆಂಪು ಹಳದಿಲೋಳೆಯ ಬಾತುಕೋಳಿ ಮೊಟ್ಟೆಗಳಲ್ಲಿ ಸುಡಾನ್-4 ಸಿಕ್ಕಿತು. ಬಾತುಗಳ ಮೇವಿಗೇ ಬಣ್ಣ ಬೆರೆಸಿದ್ದರು.

ಮೆಣಸಿನ ಪುಡಿಗೆ ಬಣ್ಣ ಬೆರೆಸುವ ಆಸೆ ಹುಟ್ಟುವುದು ಬಣ್ಣಕ್ಕೆ ಬೆಲೆ ಇರುವುದರಿಂದ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಕೆಂಪು ದಟ್ಟ ಎಂಬ ಗುಣಕ್ಕೇ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಮೆಣಸಿನ ಕೆಂಪು ಕ್ಯಾಪ್ಸಾಂತಿನ್, ಕ್ಯಾಪ್ಸೊರುಬಿನ್ ಎಂಬ ಸಹಜ ವಸ್ತುಗಳದು. ಬೆಳಕು ಗಾಳಿ ತಗುಲಿದ ಹಳೆ ದಾಸ್ತಾನಿನಲ್ಲಿ ಅವು ಮಾಸುತ್ತವೆ, ಬೆಲೆ ಇಳಿಯುತ್ತದೆ. ಮಾಸಿದ್ದನ್ನು ಮುಚ್ಚಲು ಸುಡಾನ್ ಬರುತ್ತದೆ. ವ್ಯಾಪಾರದಲ್ಲಿ ಮೆಣಸಿನ ಬಣ್ಣವನ್ನು ಅಳೆಯುವ ರೂಢಿಯ ವಿಧಾನ ಅಸಿಟೋನಿನಲ್ಲಿ ಬಣ್ಣ ಇಳಿಸಿ 460 ನ್ಯಾನೊಮೀಟರಿನಲ್ಲಿ ಹೀರಿಕೆ ನೋಡುವುದು. ಸುಡಾನ್-1 ಬೆಳಕು ಹೀರುವ ವಲಯವೂ ಅದಕ್ಕೆ ತೀರ ಹತ್ತಿರದ್ದು. ಆದ್ದರಿಂದ ಈ ಅಳತೆಯೊಂದನ್ನೇ ನೆಚ್ಚಿದರೆ ಕಲಬೆರಕೆಯ ಪುಡಿಯೇ ಉತ್ತಮ ಪುಡಿಯಂತೆ ಕಾಣುತ್ತದೆ. ಪ್ರಾಮಾಣಿಕವಾಗಿ ಒಳ್ಳೆಯ ಕಾಯಿ ಬೆಳೆದ ರೈತನಿಗೆ ಆಗುವ ನಷ್ಟ ಇಲ್ಲಿಂದಲೇ ಶುರು.

ಇದಕ್ಕೆ ಪರಿಹಾರ ದ್ರವ ವರ್ಣರೇಖನದ ಯಂತ್ರವಾದ ಎಚ್‌ಪಿಎಲ್‌ಸಿ ಮತ್ತು ಅದಕ್ಕೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್. ಪುಡಿಯನ್ನು ಅಸಿಟೋನೈಟ್ರೈಲ್‌ನಂಥ ದ್ರಾವಕದಲ್ಲಿ ಕಲಕಿ, ಸೋಸಿ, ಉಕ್ಕಿನ ಕೊಳವೆಯೊಳಗೆ ಒತ್ತಡದಿಂದ ಹರಿಸಿದಾಗ ಮೆಣಸಿನ ಸಹಜ ಬಣ್ಣಗಳು ಒಂದು ಹೊತ್ತಿಗೆ, ಸುಡಾನ್ ಇನ್ನೊಂದು ಹೊತ್ತಿಗೆ ಹೊರಬರುತ್ತವೆ. ಹೊರಬಂದ ಅಣುವಿನ ತೂಕವನ್ನು ಯಂತ್ರ ಅಳೆಯುತ್ತದೆ. ಸುಡಾನ್-1ರ ಅಯಾನಿನ ತೂಕ 249. ಅದನ್ನು ಒಡೆದಾಗ 93ರ ಚೂರು ಬರುತ್ತದೆ, ಅದು ಬಣ್ಣವನ್ನು ತಯಾರಿಸಲು ಬಳಸಿದ ಅನಿಲೀನಿನ ಗುರುತು. ಹೊರಬಂದ ಹೊತ್ತು, ಇಡೀ ಅಣುವಿನ ತೂಕ, ಚೂರುಗಳ ತೂಕ ಮೂರೂ ಹೊಂದಿದಾಗ ವಾದಕ್ಕೆ ಎಡೆ ಉಳಿಯುವುದಿಲ್ಲ. ಇಲ್ಲೂ ಎಚ್ಚರ ತಪ್ಪಬಾರದು: ಸುಡಾನ್-3 ಮತ್ತು ಸುಡಾನ್-4 ಬೆಳಕಿಗೆ ತೆರೆದಿದ್ದರೆ ಅಣುವಿನ ಆಕಾರ ಬದಲಾಗಿ ಒಂದರ ಬದಲು ಎರಡು ಶಿಖರ ಕಾಣಿಸುತ್ತದೆ, ಪ್ರಮಾಣದ ಲೆಕ್ಕ ತಪ್ಪುತ್ತದೆ. ಅನುಭವಸ್ಥರು ಸೀಸೆಗೆ ಬೆಳಕು ತಾಗದಂತೆ ನೋಡಿಕೊಳ್ಳುತ್ತಾರೆ.

ಯಂತ್ರ ಸೂಕ್ಷ್ಮವಾದಷ್ಟೂ ಹೊಸ ಪ್ರಶ್ನೆಯೊಂದು ಎದ್ದಿತು. ಚೀಲದ ಮೇಲಿನ ಮುದ್ರಣದ ಶಾಯಿಯಿಂದಲೋ ಹಿಂದೆ ಬೇರೆ ಸರಕು ಬೀಸಿದ ಗಿರಣಿಯಿಂದಲೋ ಬಂದ ಲವಲೇಶವೂ ಈಗ ಕಾಣಿಸುತ್ತದೆ. ಕಣ್ಣಿಗೆ ಕೆಂಪು ಕಾಣುವಷ್ಟು ಬಣ್ಣ ಹಾಕಬೇಕಾದರೆ ಅದಕ್ಕಿಂತ ಎಷ್ಟೋ ಪಟ್ಟು ಬೇಕು. ಯುರೋಪಿನ ಪ್ರಯೋಗಾಲಯಗಳು ಕಿಲೋಗೆ ಅರ್ಧ ಮಿಲಿಗ್ರಾಂ ಎಂಬ ಗೆರೆಯನ್ನು ಬಳಸತೊಡಗಿದವು. ಅದರ ಮೇಲಿದ್ದರೆ ಕ್ರಮ. ಕೈಯಾರೆ ಮಾಡಿದ ಮೋಸವನ್ನೂ ಅರಿವಿಲ್ಲದೆ ತಗುಲಿದ ಕೊಳೆಯನ್ನೂ ಬೇರೆ ಮಾಡುವ ಇಂಥ ವಿವೇಕ ಪತ್ತೆಯ ವಿಜ್ಞಾನಕ್ಕೆ ಬೇಕೇ ಬೇಕು.

ಯಂತ್ರ ಎಷ್ಟೇ ನಿಖರವಾಗಿದ್ದರೂ ಮಾದರಿ ತೆಗೆಯುವಲ್ಲಿ ಲೋಪವಾದರೆ ಪ್ರಕರಣ ಬಿದ್ದುಹೋಗುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಅಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಗೆ. ಅಂಗಡಿಯವನು ಕೋರಿದರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ವಿಶ್ಲೇಷಕರ ವರದಿ 14 ದಿನಗಳಲ್ಲಿ ಬರಬೇಕು. ಅದನ್ನು ಒಪ್ಪದೆ ಮೇಲ್ಮನವಿ ಹೋದಾಗ ಮಾದರಿ ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ. 1950ರಲ್ಲಿ ಆರಂಭವಾದ ಮೈಸೂರಿನ ಸಿಎಫ್‌ಟಿಆರ್‌ಐ ಅಂಥ ಕೆಲಸಕ್ಕೆ ನಿಯುಕ್ತವಾದ ಸಂಸ್ಥೆಗಳಲ್ಲೊಂದು. ಕೊಂಡವರಿಗೂ ಒಂದು ದಾರಿಯಿದೆ, ಅದು ಹೆಚ್ಚು ಜನರಿಗೆ ಗೊತ್ತಿಲ್ಲ. ಕಾಯ್ದೆಯ 40ನೇ ಕಲಮಿನಂತೆ, ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾರು ಬೇಕಾದರೂ ತಾವು ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆ ಉಲ್ಲಂಘನೆ ಸಾಬೀತಾದರೆ ಶುಲ್ಕ ವಾಪಸು.

ಮಾರುಕಟ್ಟೆಯಲ್ಲೇ ನಿಂತು ಪರೀಕ್ಷಿಸುವ ಉಪಕರಣಗಳತ್ತ ಈಗ ಒಲವು ಹೆಚ್ಚಿದೆ. ಕೈಯಲ್ಲಿ ಹಿಡಿಯುವ ರಾಮನ್ ಸ್ಪೆಕ್ಟ್ರೋಮೀಟರ್, ಬಣ್ಣ ಬದಲಿಸುವ ಕಾಗದದ ಪಟ್ಟಿ, ಮೊಬೈಲ್ ಕ್ಯಾಮೆರಾದಿಂದ ಬಣ್ಣ ಓದುವ ತಂತ್ರ, ಪ್ರಾಧಿಕಾರದ ಸಂಚಾರಿ ಪ್ರಯೋಗಾಲಯ ವಾಹನ ಎಲ್ಲವೂ ಆ ಸಾಲಿನವು. ಇವು ಅನುಮಾನಾಸ್ಪದ ಮಾದರಿಯನ್ನು ಆರಿಸಿಕೊಡುತ್ತವೆ. ಕೊನೆಯ ಮಾತು ಇನ್ನೂ ಪ್ರಯೋಗಾಲಯದ್ದೇ. ಇನ್ನೊಂದು ಮಿತಿಯೂ ಇದೆ. ರೂಢಿಯ ಪರೀಕ್ಷೆ ಪಟ್ಟಿಯಲ್ಲಿರುವ ಬಣ್ಣವನ್ನಷ್ಟೇ ಹುಡುಕುತ್ತದೆ. ಸುಡಾನ್ ಮೇಲೆ ಕಣ್ಣು ಬಿದ್ದ ಮೇಲೆ, 2005ರಲ್ಲೇ ಬ್ರಿಟನ್ನಿನ ಮಸಾಲೆಗಳಲ್ಲಿ ಪ್ಯಾರಾ ರೆಡ್ ಎಂಬ ಅದರ ಹತ್ತಿರದ ನೆಂಟ ಸಿಕ್ಕಿತು. ಪಟ್ಟಿಯಲ್ಲಿಲ್ಲದ ಅಣುವನ್ನೂ ತೂಕದಿಂದ ಗುರುತಿಸುವ ವಿಶಾಲ ಶೋಧದ ವಿಧಾನಗಳು ಬೆಳೆದದ್ದು ಇಂಥ ಅನುಭವಗಳಿಂದ.

ಪತ್ತೆ ಎಂಬುದು ಅಂಗಡಿಯ ಬಾಗಿಲಲ್ಲಿ ನಿಲ್ಲದೆ ಮೂಲದವರೆಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಅರಿಶಿನ ಒಳ್ಳೆಯ ನಿದರ್ಶನ. ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದೇಕೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಢಾಕಾದ ಐಸಿಡಿಡಿಆರ್‌ಬಿ ಸಂಸ್ಥೆಯ ಸಂಶೋಧಕರು ಹುಡುಕುತ್ತಿದ್ದರು. ರಕ್ತದ ಸೀಸದ ಐಸೊಟೋಪು ಅನುಪಾತವನ್ನು ಬೇರೆ ಬೇರೆ ಮೂಲಗಳೊಂದಿಗೆ ಹೋಲಿಸಿದಾಗ ಅದು ಅರಿಶಿನದ ಸೀಸಕ್ಕೆ ಹೊಂದಿತು. ಸೀಸದ ಕ್ರೋಮೇಟ್ ಅಲ್ಲಿ ಪೇಉರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಹೊಳೆಯುವ ಹಳದಿ ಪುಡಿ. 1980ರ ದಶಕದ ಪ್ರವಾಹದಲ್ಲಿ ಕೊಂಬು ಒದ್ದೆಯಾಗಿ ಮಂಕಾದಾಗ ಅದನ್ನು ಬಳಿಯುವುದು ಶುರುವಾಗಿ, ಆಮೇಲೆ ರೂಢಿಯಾಗಿಬಿಟ್ಟಿತ್ತು. 2019ರಲ್ಲಿ ಸಂಶೋಧನೆ ಪ್ರಕಟವಾದ ಮೇಲೆ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಪತ್ರಿಕೆಗಳಲ್ಲಿ, ಮಾರುಕಟ್ಟೆಗಳಲ್ಲಿ ಎಚ್ಚರಿಕೆ ಹಂಚಿತು. ಢಾಕಾದ ಶ್ಯಾಮ್‌ಬಜಾರ್ ಸಗಟು ಮಾರುಕಟ್ಟೆಗೆ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಪ್ರತಿದೀಪ್ತಿ ಯಂತ್ರ ಹೋಯಿತು. ಕೊಂಬಿಗೆ ತಾಗಿಸಿದ ಸ್ವಲ್ಪ ಹೊತ್ತಿನಲ್ಲೇ ಸೀಸ ಇದೆಯೋ ಇಲ್ಲವೋ ಎಂದು ಅದು ಹೇಳುತ್ತದೆ, ಏನನ್ನೂ ಕರಗಿಸಬೇಕಿಲ್ಲ, ಕುದಿಸಬೇಕಿಲ್ಲ. ಒಂಬೈನೂರು ಕಿಲೋಗೂ ಮಿಕ್ಕಿ ಅರಿಶಿನ ಜಪ್ತಿಯಾಯಿತು, ಇಬ್ಬರು ಸಗಟು ವ್ಯಾಪಾರಿಗಳಿಗೆ ದಂಡ ಬಿತ್ತು, ಆ ದೃಶ್ಯ ಟಿವಿಯಲ್ಲಿ ದೇಶವೆಲ್ಲ ಹರಡಿತು. 2019ರಲ್ಲಿ ಮಾರುಕಟ್ಟೆಯ ಶೇ. 47ರಷ್ಟು ಅರಿಶಿನದ ಮಾದರಿಗಳಲ್ಲಿ ಸೀಸವಿತ್ತು. 2021ರ ಸಮೀಕ್ಷೆಯಲ್ಲಿ ಒಂದರಲ್ಲೂ ಇರಲಿಲ್ಲ. ಅರಿಶಿನದ ಗಿರಣಿಗಳ ಕೆಲಸಗಾರರ ರಕ್ತದ ಸೀಸವನ್ನೂ ಅಳೆಯಲಾಯಿತು. ಅದರ ಇಳಿಕೆಯ ಮಧ್ಯಾಂಕ ಶೇ. 30.